ಕೊನೆಯ ಪಾರ್ಟು ತಂದವರು

ನಮ್ಮ ವರ್ಕ್‌ಶಾಪಿನ ಗೋಡೆಯಲ್ಲಿ ಒಂದು ಕಪ್ಪು ಹಲಗೆ ಇದೆ. ಹಳೆಯ ಬೈಕು ಯಾವುದೇ ಬರಲಿ, ಅದಕ್ಕೆ ಏನೇನು ಪಾರ್ಟು ಇಲ್ಲ ಅನ್ನುವುದನ್ನು ಅಪ್ಪ ಸೀಮೆಸುಣ್ಣದಲ್ಲಿ ಅಲ್ಲಿ ಒಂದರ ಕೆಳಗೊಂದು ಬರೆಯುತ್ತಾನೆ. ಪಾರ್ಟು ಹುಡುಕಿ ತಂದವರು ತಮ್ಮ ಕೈಯಿಂದಲೇ ಆ ಸಾಲನ್ನು ಹೊಡೆದುಹಾಕಬೇಕು. ಕೊನೆಯ ಸಾಲನ್ನು ಯಾರು ಹೊಡೆಯುತ್ತಾರೋ ಅವರಿಗೆ ಮೊದಲ ಕಿಕ್. ಹತ್ತಿಪ್ಪತ್ತು ವರ್ಷ ಸತ್ತು ಬಿದ್ದಿದ್ದ ಎಂಜಿನ್ನಿಗೆ ಮೊದಲು ಕಾಲು ಹಾಕುವ ಹಕ್ಕು ಅವರದು. ಬೈಕಿನ ಮಾಲೀಕ ಎಷ್ಟೇ ದೊಡ್ಡ ಮನುಷ್ಯನಾಗಿರಲಿ, ಬದಿಗೆ ನಿಂತು ನೋಡಬೇಕು ಅಷ್ಟೆ.

ನನಗೆ ಹನ್ನೆರಡು ವರ್ಷವಿದ್ದಾಗ ಅಪ್ಪ ಈ ನಿಯಮ ಮಾಡಿದ. ಈಗ ನನಗೆ ಮೂವತ್ತೊಂಬತ್ತು. ಈ ನಡುವೆ ನಮ್ಮ ಶಾಪಿನಿಂದ ಹನ್ನೊಂದು ಹಳೆಯ ಬೈಕುಗಳು ಎದ್ದು ಹೊರಗೆ ಹೋಗಿವೆ, ಹನ್ನೊಂದಕ್ಕೂ ಮೊದಲ ಕಿಕ್ ನನ್ನದೇ. ಜಂಬ ಕೊಚ್ಚಿಕೊಳ್ಳುತ್ತಿದ್ದಾಳೆ ಅಂದುಕೊಂಡರೆ ಅಂದುಕೊಳ್ಳಿ. ಗುಜರಿ ಅಂಗಡಿಗಳ ತುಕ್ಕಿನ ರಾಶಿಯಲ್ಲಿ ಇಪ್ಪತ್ತೇಳು ವರ್ಷ ಕೈ ಹಾಕಿದವಳು ನಾನು. ನನ್ನ ಎಡಗೈ ಹೆಬ್ಬೆರಳಿಗೆ ಬಿದ್ದಷ್ಟು ಹೊಲಿಗೆ ನನ್ನ ಬಟ್ಟೆಗಳಿಗೂ ಬಿದ್ದಿಲ್ಲ.

ಈ ಕೆಲಸಕ್ಕೂ ಒಂದು ರೀತಿ ಇದೆ. ಗುಜರಿಯಲ್ಲಿ ಬೇಕಾದ ವಸ್ತುವಿನ ಕಡೆ ತಿರುಗಿಯೂ ನೋಡಬಾರದು. ಬೇಡದ ನಾಲ್ಕು ಸಾಮಾನು ಆರಿಸಿ, ಅವಕ್ಕೆ ಅರ್ಧ ಗಂಟೆ ಚೌಕಾಸಿ ಮಾಡಿ, ಬೇಸರ ಬಂದವಳ ಹಾಗೆ ಎದ್ದು, "ಹೋಗಲಿ, ಇದನ್ನೂ ಹಾಕಿಬಿಡಿ" ಅಂತ ಬೇಕಾದದ್ದನ್ನು ಕಾಲಿನಿಂದ ತೋರಿಸಬೇಕು. ಕಣ್ಣಲ್ಲಿ ಆಸೆ ಕಂಡಿತೋ, ತುಕ್ಕು ಹಿಡಿದ ನಟ್ಟೂ ಬೆಳ್ಳಿಯಾಗಿಬಿಡುತ್ತದೆ. ಮುಖ ಕಲ್ಲು ಮಾಡಿಕೊಳ್ಳುವುದು ನನಗೆ ಅಭ್ಯಾಸವಾದದ್ದು ಅಲ್ಲಿಯೇ. ಆಮೇಲೆ ಅದನ್ನು ಮನೆಯವರ ಮೇಲೂ ಪ್ರಯೋಗಿಸಿದೆ.

ಅಪ್ಪನಿಗೆ ನಾವಿಬ್ಬರೇ ಮಕ್ಕಳು. ನಾನು ದೊಡ್ಡೋಳು, ತಂಗಿ ಚಿಕ್ಕೋಳು. ಅಪ್ಪ ನಮ್ಮನ್ನು ಕರೆಯುವುದೇ ಹಾಗೆ. ಅಮ್ಮ ತೀರಿಕೊಂಡು ಬಹಳ ವರ್ಷವಾಯಿತು. ಚಿಕ್ಕೋಳಿಗೆ ಗ್ರೀಸಿನ ವಾಸನೆ ಬಂದರೆ ಸಾಕು, ತಲೆ ಹಿಡಿದುಕೊಂಡು ಕೂರುತ್ತಾಳೆ. ಹಾಗಾಗಿ ಅಪ್ಪ ಪೂರ್ತಿ ನನ್ನ ಪಾಲಿಗೆ ಉಳಿದಿದ್ದ. ಮದುವೆಯ ಮಾತು ನನಗೂ ನಾಲ್ಕೈದು ಬಾರಿ ಬಂದಿತ್ತು. ಬಂದವರೆಲ್ಲ, "ಮದುವೆ ಆದ್ಮೇಲೆ ಶಾಪಿಗೆ ಹೋಗೋದು ಬಿಡ್ತಾಳೆ ತಾನೆ?" ಅಂತ ಕೇಳಿದರು. ನಾನು ಅವರನ್ನೇ ಬಿಟ್ಟೆ. ಚಿಕ್ಕೋಳು ಮಾತ್ರ ಎರಡು ವರ್ಷದ ಹಿಂದೆ ಮದುವೆಯಾದಳು, ಔಷಧಿ ಕಂಪನಿಯ ಸೇಲ್ಸ್‌ಮನ್ ಒಬ್ಬನನ್ನು. ಎರಡು ಬೀದಿಯಾಚೆ ಮನೆ ಮಾಡಿದರು. ಅವನನ್ನು ನಾನು ಎದುರಿಗೆ ನೀವು ಅನ್ನುತ್ತೇನೆ, ಮನಸ್ಸಿನಲ್ಲಿ ಅವನು ಅನ್ನುತ್ತೇನೆ.

ಮದುವೆಯಾದ ಮೊದಲ ಭಾನುವಾರವೇ ಅವನು ಶಾಪಿಗೆ ಬಂದ. ಇಸ್ತ್ರಿ ಮಾಡಿದ ಶರ್ಟು, ಮುಖ ಕಾಣುವಂಥ ಶೂ. "ಮಾವ, ನನಗೂ ಏನಾದ್ರೂ ಕೆಲಸ ಕೊಡಿ" ಅಂದ. ಅಪ್ಪನ ಮುಖ ಅರಳಿದ್ದನ್ನು ನೋಡಬೇಕಿತ್ತು.

"ಏ ದೊಡ್ಡೋಳೆ, ಅಳಿಯಂದ್ರಿಗೆ ಸ್ಟೂಲ್ ಕೊಡೆ!"

ಶಾಪಿನಲ್ಲಿದ್ದದ್ದು ಎರಡೇ ಸ್ಟೂಲು. ಒಂದರ ಮೇಲೆ ಅಪ್ಪ ಕೂತಿದ್ದ, ಇನ್ನೊಂದರ ಮೇಲೆ ನಾನು. ಎದ್ದು ಕೊಟ್ಟೆ. ಆವತ್ತಿನಿಂದ ಭಾನುವಾರಗಳಂದು ನಾನು ಎಣ್ಣೆ ಡಬ್ಬದ ಮೇಲೆ ಕೂರುವವಳಾದೆ.

ಆಗ ನಾವು ಕೈಯಾಡಿಸುತ್ತಿದ್ದದ್ದು ಹನ್ನೆರಡನೆಯ ಬೈಕಿಗೆ. ಅದು ಗಿರಾಕಿಯದಲ್ಲ, ಅಪ್ಪನದೇ. ಒಂದೇ ಸಿಲಿಂಡರಿನದು, ಅಪ್ಪನಿಗಿಂತ ಒಂಬತ್ತು ವರ್ಷ ದೊಡ್ಡದು. ಅಪ್ಪ ಹುಡುಗನಾಗಿದ್ದಾಗ ಯಾರ ಕೈಕೆಳಗೆ ಕೆಲಸ ಕಲಿತನೋ ಆ ಮೇಸ್ತ್ರಿಯ ಹತ್ತಿರ ಅದೇ ಮಾಡೆಲ್ ಇತ್ತಂತೆ. "ಮೇಸ್ತ್ರಿ ಬೀದಿ ತಿರುವಲ್ಲಿ ಇರುವಾಗ್ಲೇ ಗೊತ್ತಾಗೋದು. ಒಂದೊಂದು ಏಟೂ ಬಿಡಿ ಬಿಡಿ. ಎರಡು ಏಟಿನ ಮಧ್ಯೆ ಒಂದು ತುತ್ತು ಉಣ್ಣಬಹುದು, ಅಷ್ಟು ಬಿಡುವು" ಅಂತ ಅಪ್ಪ ಹೇಳುತ್ತಿದ್ದ. ಆ ಸದ್ದನ್ನು ಅವನು ಕೇಳಿ ನಲವತ್ತೆಂಟು ವರ್ಷವಾಗಿತ್ತು. ಇನ್ನೊಂದು ಸಲ ಕೇಳಬೇಕು ಅನ್ನುವುದು ಅವನ ಒಂದೇ ಹಟ. ಅದಕ್ಕಾಗಿಯೇ ಆರು ವರ್ಷದ ಹಿಂದೆ ನಾನು ಒಂದು ಕಟ್ಟಿಗೆ ಡಿಪೊ ಹಿಂದಿನ ಪೊದೆಯಿಂದ ಅದರ ಚಾಸಿಯನ್ನೂ ಎಂಜಿನ್ನನ್ನೂ ಎತ್ತಿಸಿ ತಂದದ್ದು. ಅಪ್ಪ ಹಲಗೆಯ ಮೇಲೆ ನಲವತ್ತಮೂರು ಸಾಲು ಬರೆದ.

ಒಂದೊಂದೇ ಸಾಲನ್ನು ಹೊಡೆಯುತ್ತ ಬಂದೆ. ಪೆಟ್ರೋಲ್ ಟ್ಯಾಂಕು ಒಬ್ಬ ವೆಲ್ಡರನ ಅಟ್ಟದಲ್ಲಿತ್ತು. ಕಿಡಿ ಕೊಡುವ ಮ್ಯಾಗ್ನೆಟೊ ಮುಚ್ಚಿಹೋದ ಹಿಟ್ಟಿನ ಗಿರಣಿಯೊಂದರಲ್ಲಿ ಸಿಕ್ಕಿತು. ಹಿಂದಿನ ಮಡ್‌ಗಾರ್ಡು ಯಾರದೋ ಕೋಳಿಗೂಡಿನ ಮಾಡಾಗಿತ್ತು. ಕೋಳಿಗಳಿಗೆ ಬೇರೆ ತಗಡು ಹೊದಿಸಿಕೊಟ್ಟು ಅದನ್ನು ಬಿಡಿಸಿಕೊಂಡು ಬಂದೆ. ಮೈಮೇಲೆಲ್ಲ ಕೋಳಿಹೇನು.

ಅಷ್ಟರಲ್ಲಿ ಅಳಿಯಂದಿರ ಸವಾರಿ ಬಂತು. ಊರೂರು ಸುತ್ತುವ ಕೆಲಸ ಅವನದು, ಡಾಕ್ಟರುಗಳ ಮುಂದೆ ಕೂತು ಮಾತ್ರೆ ಮಾರುವ ನಾಲಿಗೆ. ಹೆಡ್‌ಲೈಟಿನ ಬಟ್ಟಲಿಗಾಗಿ ನಾನು ಮೂರು ವರ್ಷ ಅಲೆದಿದ್ದೆ. ಇವನು ಮದುವೆಯಾದ ಎರಡನೇ ತಿಂಗಳಿಗೆ ತಂದಿಟ್ಟ. ಯಾರೋ ಕಾಂಪೌಂಡರನ ಮನೆಯಲ್ಲಿ ಅದರೊಳಗೆ ಹೂವಿನ ಗಿಡ ಬೆಳೆಸಿದ್ದರಂತೆ.

"ಏನು ಹೇಳಿ ಈಸ್ಕೊಂಡ್ರಿ?" ಅಂತ ಕೇಳಿದೆ.

"ಏನಿಲ್ಲ ಅಕ್ಕ. ನಮ್ಮ ಮಾವನಿಗೆ ಬೇಕು, ಕೊಡ್ತೀರಾ ಅಂದೆ. ಕೊಟ್ರು."

ಬೇಕು ಅಂದನಂತೆ! ಕೊಟ್ಟರಂತೆ! ನನ್ನ ಇಪ್ಪತ್ತೈದು ವರ್ಷದ ವಿದ್ಯೆ ಅವನ ಒಂದು ಹಲ್ಲುಕಿರಿತದ ಮುಂದೆ ನೀರುಪಾಲಾಯಿತು. ಅಪ್ಪ ಆ ಬಟ್ಟಲನ್ನು ಕೂಸಿನ ತಲೆಯ ಹಾಗೆ ಸವರುತ್ತ ವಾರವಿಡೀ ಬಂದವರಿಗೆಲ್ಲ ತೋರಿಸಿದ. ನಾನು ತಂದ ಮ್ಯಾಗ್ನೆಟೊವನ್ನು ಯಾರಿಗೂ ತೋರಿಸಿರಲಿಲ್ಲ. ನಾನು ತರುವುದೆಂದರೆ ಬೆಳಗಾದರೆ ನಲ್ಲಿಯಲ್ಲಿ ನೀರು ಬರುವ ಹಾಗೆ, ಅದನ್ನೇನು ಮೆಚ್ಚುವುದು?

ಹೊಟ್ಟೆ ಉರಿಯಿತು. ಮುಚ್ಚಿಡುವುದೇನು, ಆವತ್ತು ಹತ್ತಿಕೊಂಡದ್ದು ಆರಲೇ ಇಲ್ಲ. ಅವನು ಸೀಮೆಸುಣ್ಣ ಹಿಡಿದು ಸಾಲು ಹೊಡೆದು ಕರ್ಚೀಫಿನಲ್ಲಿ ಬೆರಳು ಒರೆಸಿಕೊಂಡರೂ ಉರಿಯುತ್ತಿತ್ತು, "ನಮ್ಮ ಬೈಕು" ಅಂದರೂ ಉರಿಯುತ್ತಿತ್ತು. ಅವನು ಏನೂ ಮಾಡದೆ ಸುಮ್ಮನೆ ಕೂತಿದ್ದರೆ, ನೋಡಿ ಹೇಗೆ ಕೂತಿದ್ದಾನೆ ಅಂತ ಉರಿಯುತ್ತಿತ್ತು. ಆಮೇಲೆ ಒಂದು ಹ್ಯಾಂಡಲ್ ಲಿವರನ್ನೂ ತಂದ. ಅದೂ ಸರಿಯಾದದ್ದೇ ಆಗಿರಬೇಕೆ!

ಅಪ್ಪನ ಬಲಗಿವಿ ಹೋಗಿ ಬಹಳ ಕಾಲವಾಗಿತ್ತು. ಸುತ್ತಿಗೆ, ಗ್ರೈಂಡರು, ಸೈಲೆನ್ಸರಿಲ್ಲದ ಎಂಜಿನ್ನುಗಳ ನಡುವೆ ಐವತ್ತು ವರ್ಷ ಕಳೆದವನು. ಕಳೆದ ವರ್ಷದ ಕೊನೆಗೆ ಎಡಗಿವಿಯೂ ಕೈಕೊಡತೊಡಗಿತು. ಕಿವಿ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ನರ ಸಾಯುತ್ತಿದೆ, ಇದಕ್ಕೆ ಔಷಧಿ ಇಲ್ಲ, ಮೆಷಿನ್ ಹಾಕಿಕೊಂಡರೆ ಸ್ವಲ್ಪ ದಿನ ನಡೆಯುತ್ತದೆ ಅಂದರು.

"ಎಷ್ಟು ದಿನ?" ಅಪ್ಪ ಕೇಳಿದ.

"ಆರು ತಿಂಗಳು ಅಂತಿಟ್ಕೊಳ್ಳಿ. ಹೆಚ್ಚೂ ಆಗಬಹುದು, ಕಡಿಮೆನೂ ಆಗಬಹುದು."

ಹೊರಗೆ ಮೆಟ್ಟಿಲ ಮೇಲೆ ನಿಂತು ಅಪ್ಪ ನನ್ನನ್ನು ಕೇಳಿದ, "ಹಲಗೆ ಮೇಲೆ ಎಷ್ಟು ಉಳಿದಿದೆ?"

"ಎರಡು."

"ಹಾಗಾದ್ರೆ ಪರವಾಗಿಲ್ಲ. ಟೈಮಿದೆ."

ಉಳಿದಿದ್ದವು ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಉಣಿಸುವ ಕಾರ್ಬೊರೇಟರು ಮತ್ತು ಕಿಕ್ ಗೇರು, ಅಂದರೆ ಪೆಡಲ್ ಒತ್ತಿದಾಗ ಎಂಜಿನ್ನನ್ನು ತಿರುಗಿಸುವ ಹಲ್ಲುಚಕ್ರ. ಎರಡನ್ನೂ ಆ ಮಾಡೆಲ್ಲಿನದೇ ಹಾಕಬೇಕು. ಬೇರೆ ಕಾರ್ಬೊರೇಟರು ಹಾಕಿ ಎಬ್ಬಿಸೋಣ ಅಂತ ಒಮ್ಮೆ ಕೇಳಿದ್ದಕ್ಕೆ ಅಪ್ಪ, "ಬೇರೆಯವರ ಹಲ್ಲಿನ ಸೆಟ್ ಹಾಕ್ಕೊಂಡು ಹಾಡು ಹೇಳಿದ ಹಾಗಾಗತ್ತೆ" ಅಂದಿದ್ದ. ಸದ್ದು ಬದಲಾದರೆ ಅವನಿಗೆ ಆ ಬೈಕು ಎದ್ದೂ ಪ್ರಯೋಜನವಿಲ್ಲ.

ಕಾರ್ಬೊರೇಟರು ನನಗೆ ಫೆಬ್ರವರಿಯಲ್ಲಿ ಸಿಕ್ಕಿತು. ನೀರಿನ ಪಂಪು ರಿಪೇರಿ ಮಾಡುವ ಅಂಗಡಿಯೊಂದರಲ್ಲಿ, ಬಿಲ್ಲುಗಳು ಹಾರದಿರಲಿ ಅಂತ ಅವುಗಳ ಮೇಲೆ ಇಟ್ಟಿದ್ದರು. ಹಿತ್ತಾಳೆಯದು, ಮುಷ್ಟಿಯಷ್ಟು ದೊಡ್ಡದು, ಕಪ್ಪು ಹಿಡಿದಿತ್ತು. ಮುಖ ಕಲ್ಲು ಮಾಡಿಕೊಂಡೆ. ಬೇಡದ ಎರಡು ವಾಲ್ವು, ಒಂದು ಬೇರಿಂಗು ಆರಿಸಿ, ಆ ಬಡಪಾಯಿಯ ತಲೆ ತಿಂದು, ಕೊನೆಗೆ "ಈ ಗುಂಡನ್ನೂ ಹಾಕಿ" ಅಂದೆ. ಅವನು ಬಿಲ್ಲುಗಳ ಮೇಲೆ ಒಂದು ಕಲ್ಲು ಇಟ್ಟು ಅದನ್ನು ಕೊಟ್ಟುಬಿಟ್ಟ.

ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಂದೆ. ಅಪ್ಪನ ಮುಖ ಹೇಗಾಗಬಹುದು ಅಂತ ನೆನೆದು ನನ್ನಷ್ಟಕ್ಕೆ ನಗುತ್ತಿದ್ದೆ. ಶಾಪಿನ ಬಾಗಿಲಿಗೆ ಬಂದರೆ ಒಳಗೆ ಅಳಿಯಂದಿರು ನನ್ನ ಸ್ಟೂಲಿನ ಮೇಲೆ.

"ಅಕ್ಕ, ಗುಡ್ ನ್ಯೂಸ್! ಕಿಕ್ ಗೇರ್ ಎಲ್ಲಿದೆ ಅಂತ ಪತ್ತೆ ಆಯ್ತು. ಅಂಗಡಿಯವನು ಮಗಳ ಮನೆಗೆ ಹೋಗಿದಾನಂತೆ. ಮುಂದಿನ ಟೂರಲ್ಲಿ ತಂದೇ ತರ್ತೀನಿ."

ಅಪ್ಪ ಅವನ ಬೆನ್ನು ತಟ್ಟುತ್ತಿದ್ದ. ನಾನು ಚೀಲ ಕೆಳಗಿಡಲಿಲ್ಲ. ನನ್ನ ತಲೆಯಲ್ಲಿ ಲೆಕ್ಕ ಓಡಿತು. ಈಗ ನಾನು ಕಾರ್ಬೊರೇಟರು ತೆಗೆದರೆ ಉಳಿಯುವುದು ಒಂದೇ ಸಾಲು, ಅದು ಇವನದು. ಮೊದಲ ಕಿಕ್ ಇವನದಾಗುತ್ತದೆ. ಹನ್ನೊಂದು ಬೈಕು ನಾನು ಎಬ್ಬಿಸಿ, ಅಪ್ಪನ ಸ್ವಂತ ಬೈಕನ್ನು ಮಾತ್ರ ಈ ಹೊಳೆಯುವ ಶೂ ಒದೆಯಬೇಕು! ಇವನು ಗೇರು ತರಲಿ, ತಂದ ಕ್ಷಣಕ್ಕೆ ನನ್ನದನ್ನು ತೆಗೆದು ಕೊನೆಯ ಸಾಲು ಹೊಡೆಯುತ್ತೇನೆ. ಒಂದೆರಡು ವಾರದ ಮಾತು.

"ಏನಾದ್ರೂ ಸಿಕ್ತಾ ದೊಡ್ಡೋಳೆ?" ಅಪ್ಪ ಕೇಳಿದ.

"ಇಲ್ಲ" ಅಂದೆ.

ಅದನ್ನು ನನ್ನ ಹೊಲಿಗೆ ಮೆಷಿನ್ನಿನ ಡ್ರಾದಲ್ಲಿ ಬಟ್ಟೆ ಸುತ್ತಿ ಇಟ್ಟೆ. ಹಾಗೇ ಇಟ್ಟಿದ್ದರೆ ಆಗುತ್ತಿತ್ತು. ಆದರೆ ಕೊಳೆ ಹಿಡಿದ ಪಾರ್ಟು ಕೈಯಲ್ಲಿದ್ದರೆ ನನ್ನಂಥವಳಿಗೆ ಅನ್ನ ಸೇರುವುದಿಲ್ಲ. ಎರಡನೇ ದಿನವೇ ಬಿಚ್ಚಿ, ಸೀಮೆಎಣ್ಣೆಯಲ್ಲಿ ನೆನೆಸಿ, ರಂಧ್ರಗಳನ್ನು ಸೂಜಿಯಿಂದ ಬಿಡಿಸಿ, ಬಂಗಾರದ ಹಾಗೆ ಉ‌ಜ್ಜಿ ಮತ್ತೆ ಸುತ್ತಿಟ್ಟೆ.

ಮಾರ್ಚಿನಲ್ಲಿ ಅವನು ಬರಿಗೈಯಲ್ಲಿ ಬಂದ. ಅಂಗಡಿ ಮುಚ್ಚಿತ್ತಂತೆ. ಏಪ್ರಿಲ್ಲಿನಲ್ಲಿ ಅಂಗಡಿಯವನಿಗೆ ಹುಷಾರಿಲ್ಲವಂತೆ. ನಾನು ಒಳಗೊಳಗೇ ಹಲ್ಲು ಕಡಿದೆ. ಬೇಕು ಅಂದರೆ ಕೊಡುತ್ತಾರಲ್ಲ, ಈಗ ಎಲ್ಲಿ ಹೋಯಿತು ಆ ನಾಲಿಗೆ?

ಅಪ್ಪನ ಕಿವಿ ಮಾತ್ರ ಯಾರಿಗೂ ಕಾಯಲಿಲ್ಲ. ಕಿವಿಯ ಮೆಷಿನ್ನಿನಲ್ಲಿ ಬರೀ ಎಣ್ಣೆಗೆ ನೀರು ಬಿದ್ದ ಹಾಗೆ ಚುಂಯ್ ಅನ್ನುತ್ತದೆ ಅಂತ ಅದನ್ನು ತೆಗೆದಿಟ್ಟ. ಮನುಷ್ಯರ ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿಯತೊಡಗಿದ. ಅದರಲ್ಲೂ ನನಗೆ ಸೋಲೇ. ನಾನು ತಲೆ ತಗ್ಗಿಸಿ ಕೆಲಸ ಮಾಡುತ್ತ ಗೊಣಗುವವಳು, ಅರ್ಧ ಹೊತ್ತು ತುಟಿಯ ಮಧ್ಯೆ ಒಂದು ಸ್ಕ್ರೂ ಕಚ್ಚಿಕೊಂಡಿರುತ್ತೇನೆ. ಅವನೋ, ಡಾಕ್ಟರುಗಳ ಎದುರು ತಯಾರಾದ ಬಾಯಿ. ಮುಖಕ್ಕೆ ಮುಖ ಕೊಟ್ಟು, ಒಂದೊಂದು ಅಕ್ಷರವನ್ನೂ ಬಿಡಿಸಿ ತಟ್ಟೆಯಲ್ಲಿಟ್ಟು ಕೊಡುತ್ತಾನೆ. ನಾನು ಮೂರು ಸಲ ಕೂಗಿದ್ದನ್ನು ಅಪ್ಪ ಅವನ ಕಡೆ ತಿರುಗಿ, "ಏನಂತೆ?" ಅಂತ ಕೇಳಿ ತಿಳಿದುಕೊಳ್ಳುತ್ತಿದ್ದ. ನನ್ನಪ್ಪನ ಜೊತೆ ಮಾತಾಡುವುದಕ್ಕೆ ನನಗೊಬ್ಬ ದುಭಾಷಿ!

ಮೇ ತಿಂಗಳಲ್ಲಿ ಒಂದು ದಿನ ತಡೆಯಲಾಗಲಿಲ್ಲ. ಅಪ್ಪ ಎಂಜಿನ್ನಿನ ಮೇಲೆ ಎಡಗಿವಿ ಇಟ್ಟು, ಸ್ಪ್ಯಾನರಿನಿಂದ ಸಿಲಿಂಡರನ್ನು ಮೆಲ್ಲಗೆ ತಟ್ಟುತ್ತ ಕೂತಿದ್ದ. ಕೇಳಿಸುತ್ತದೋ ಇಲ್ಲವೋ ಅಂತ ಪರೀಕ್ಷೆ ಮಾಡಿಕೊಳ್ಳುತ್ತಿದ್ದ. ಮನೆಗೆ ಓಡಿ, ಡ್ರಾ ತೆಗೆದು, ಬಟ್ಟೆಯ ಗಂಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದೆ. ಬರುವಷ್ಟರಲ್ಲಿ ಒಬ್ಬ ಗಿರಾಕಿ ಬಂದಿದ್ದ. ಅಪ್ಪ ಅವನಿಗೆ ಹೇಳುತ್ತಿದ್ದ, "ಇನ್ನೇನು ನಮ್ಮ ಅಳಿಯಂದ್ರು ಗೇರ್ ತಂದ್ಬಿಡ್ತಾರೆ. ಅವರು ಬಂದ್ಮೇಲೇ ಈ ಬೈಕಿಗೆ ಕಳೆ ಬಂದಿದ್ದು."

ಕಳೆ ಬಂದದ್ದು ಅವನಿಂದಲಂತೆ. ನಲವತ್ತು ಪಾರ್ಟು ಹೊತ್ತು ತಂದವಳು ಬಾಗಿಲಲ್ಲೇ ನಿಂತಿದ್ದೇನೆ. ಬಂದ ದಾರಿಯಲ್ಲೇ ತಿರುಗಿ ಹೋಗಿ ಗಂಟನ್ನು ಡ್ರಾದೊಳಗೆ ತಳ್ಳಿದೆ.

ಜುಲೈ ಬಂತು. ಒಂದು ಭಾನುವಾರ ಬೆಳಿಗ್ಗೆ ಚಿಕ್ಕೋಳ ಮನೆಗೆ ಹೋಗಿದ್ದೆ. ಅವಳು ಗುಡಿಸುತ್ತಿದ್ದಳು. ಟಿವಿ ಸ್ಟ್ಯಾಂಡನ್ನು ಎಳೆಯಲು ನಾನೂ ಕೈ ಹಾಕಿದಾಗ ಹಿಂದುಗಡೆ ಪೇಪರಿನಲ್ಲಿ ಸುತ್ತಿದ ಏನೋ ಭಾರದ್ದು ಧಡ್ ಅಂತ ಬಿತ್ತು. ಬಿಡಿಸಿದೆ. ಕಿಕ್ ಗೇರು. ಹಲ್ಲು ಎಣಿಸಿದೆ. ಅದೇ.

"ಅಯ್ಯೋ, ಆ ಚಕ್ರಾನಾ?" ಅಂದಳು ಚಿಕ್ಕೋಳು ಪೊರಕೆ ನಿಲ್ಲಿಸದೆ. "ಅದು ಮಾರ್ಚಿಂದ ಅಲ್ಲೇ ಬಿದ್ದಿದೆಯಲ್ಲ. ಅವರು ನಿಂಗೆ ಹೇಳಿಲ್ವಾ?"

ಸಿಟ್ಟು ನೆತ್ತಿಗೇರಿತು ಅನ್ನುತ್ತಾರಲ್ಲ, ಅದರ ಜೊತೆಗೆ ಒಂದು ಖುಷಿಯೂ ಏರಿತು. ಸಿಕ್ಕಿಬಿದ್ದ! ಅಳಿಯಂದಿರ ಬಣ್ಣ ಬಯಲಾಯಿತು! ಗೇರನ್ನು ಕೈಯಲ್ಲಿ ಹಿಡಿದು ಚಪ್ಪಲಿ ಮೆಟ್ಟುವುದನ್ನೂ ಮರೆತು ಶಾಪಿಗೆ ಹೋದೆ.

ಅಪ್ಪ ನಮಗೆ ಬೆನ್ನು ಹಾಕಿ, ಮೂಲೆಯ ಬೆಂಚಿನಲ್ಲಿ ವಾಷರುಗಳನ್ನು ಅಳತೆಗೆ ತಕ್ಕಂತೆ ಬೇರೆ ಬೇರೆ ಡಬ್ಬಿಗೆ ಹಾಕುತ್ತಿದ್ದ. ಅಳಿಯ ಬೈಕಿನ ಪಕ್ಕ ನಿಂತಿದ್ದ. ಗೇರನ್ನು ಅವನ ಮೂಗಿನ ಮುಂದೆ ಹಿಡಿದೆ.

"ಇದೇನು?"

ಅವನು ಅಪ್ಪನ ಬೆನ್ನಿನ ಕಡೆ ನೋಡಿದ. "ಅಕ್ಕ, ಸ್ವಲ್ಪ ಮೆಲ್ಲಗೆ..."

"ಯಾಕೆ ಮೆಲ್ಲಗೆ? ಕೇಳಲಿ ಅಪ್ಪ! ನಾಲ್ಕು ತಿಂಗಳಿಂದ ಟಿವಿ ಹಿಂದೆ ಬಚ್ಚಿಟ್ಕೊಂಡು, ಅಂಗಡಿ ಮುಚ್ಚಿತ್ತು, ಅವನಿಗೆ ಹುಷಾರಿಲ್ಲ, ಏನೇನು ಕಥೆ ಕಟ್ಟಿದ್ರಿ! ಒಂದು ಕಿಕ್ಕಿಗೋಸ್ಕರ! ಅಪ್ಪನ ಕಿವಿ ಹೋಗ್ತಿರೋದು ಗೊತ್ತಿಲ್ವಾ ನಿಮಗೆ? ನಾಚಿಕೆ ಆಗಲ್ವಾ?"

ನನ್ನ ಬಾಯಿಂದ ಈ ಮಾತು ಬರುವಾಗ ನನ್ನ ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. ಅದು ಈಗಲೂ ನನಗೆ ಆಶ್ಚರ್ಯ.

ಅವನೂ ತಿರುಗಿಬಿದ್ದ. ಆ ಮೆತ್ತಗಿನ ಮನುಷ್ಯನಿಗೆ ಅಷ್ಟು ಗಂಟಲಿದೆ ಅಂತ ನನಗೆ ಗೊತ್ತಿರಲಿಲ್ಲ. "ಹೌದು, ಇಟ್ಕೊಂಡಿದ್ದೆ! ಒಂದೇ ಒಂದು ಸಲ ಮಾವನ ಎದುರಿಗೆ ಕಿಕ್ ಹೊಡೀಬೇಕು ಅಂತ ಆಸೆ ಇತ್ತು! ಎರಡು ವರ್ಷದಲ್ಲಿ ಈ ಶಾಪಲ್ಲಿ ನೀವು ನನಗೊಂದು ಸ್ಪ್ಯಾನರ್ ಮುಟ್ಟೋಕೆ ಬಿಟ್ಟಿದೀರಾ? ನೀವು ಆ ಕಡೆ ಹೋದ್ರೆ ಸಾಕು, ದೊಡ್ಡೋಳ ಕೈ ಹಾಗೆ, ದೊಡ್ಡೋಳ ಕಣ್ಣು ಹೀಗೆ, ಬರೀ ಅದೇ ಮಾವನ ಬಾಯಲ್ಲಿ. ಕೇಳಿ ಕೇಳಿ ನನಗೂ ಹೊಟ್ಟೆ ಉರಿದುಹೋಗಿದೆ! ಮತ್ತೆ, ಕಾರ್ಬೊರೇಟರ್ ಇಲ್ದೆ ಬರೀ ಗೇರ್ ತಂದು ಏನು ಮಾಡ್ಲಿ? ಅದು ಸಿಕ್ಕ ದಿನ ಇದನ್ನ ತಂದಿಡ್ತಿದ್ದೆ!"

"ಕಾರ್ಬೊರೇಟರ್ ಸಿಕ್ಕಿ ಐದು ತಿಂಗಳಾಯ್ತು! ನನ್ನ ಡ್ರಾದಲ್ಲಿದೆ! ನಿಮಗಿಂತ ಮೊದಲು ಸಿಕ್ಕಿದ್ದು ನನಗೆ!"

ಅವನನ್ನು ಸೋಲಿಸುವ ಆತುರದಲ್ಲಿ ಅಂದುಬಿಟ್ಟೆ. ಅವನು ಬಹಳ ಸಣ್ಣ ದನಿಯಲ್ಲಿ ಕೇಳಿದ.

"ಅಕ್ಕ, ಕಿಕ್ ಗೇರ್ ಇಲ್ದಿದ್ರೂ ತಳ್ಳಿ ಸ್ಟಾರ್ಟ್ ಮಾಡಬಹುದಿತ್ತಲ್ಲ?"

ಅದು ನನಗೆ ಹೊಳೆದಿರಲಿಲ್ಲ ಅಂದರೆ ನೀವು ನಂಬಬೇಡಿ. ಇಪ್ಪತ್ತೇಳು ವರ್ಷ ಬೈಕು ರಿಪೇರಿ ಮಾಡಿದವಳಿಗೆ ಹೊಳೆಯದೆ ಇರುತ್ತದೆಯೇ? ಫೆಬ್ರವರಿಯಲ್ಲೇ ಹೊಳೆದಿತ್ತು. ಎರಡನೇ ಗೇರಿಗೆ ಹಾಕಿ ನಾಲ್ಕು ಹೆಜ್ಜೆ ತಳ್ಳಿ ಕ್ಲಚ್ಚು ಬಿಟ್ಟರೆ ಎದ್ದುಬಿಡುತ್ತಿತ್ತು. ಅಪ್ಪ ಆವತ್ತೇ ಕೇಳಿಸಿಕೊಳ್ಳುತ್ತಿದ್ದ. ಆದರೆ ತಳ್ಳಿ ಎಬ್ಬಿಸಿದ ಎಂಜಿನ್ನಿಗೆ ಮೊದಲ ಕಿಕ್ ಎಲ್ಲಿಂದ ಬರಬೇಕು? ಅದಕ್ಕೇ ಆ ಯೋಚನೆಯನ್ನು ಹೊಳೆದ ಕಡೆಯೇ ಹೂತುಹಾಕಿದ್ದೆ.

ನಮ್ಮ ಕಿರುಚಾಟಕ್ಕೆ ಎದುರು ಸಾಲಿನ ಟೈಲರು ಮೆಷಿನ್ ನಿಲ್ಲಿಸಿ ಬಾಗಿಲಿಗೆ ಬಂದು ನಿಂತಿದ್ದ. ಅವನ ಹೆಂಡತಿಯೂ ಇಣುಕುತ್ತಿದ್ದಳು. ನಾನೂ ಅಳಿಯನೂ ಒಟ್ಟಿಗೇ ಮೂಲೆಯ ಬೆಂಚಿನ ಕಡೆ ನೋಡಿದೆವು.

ಅಪ್ಪ ತಿರುಗಿರಲಿಲ್ಲ. ಒಂದು ವಾಷರನ್ನು ಬೆಳಕಿಗೆ ಹಿಡಿದು ನೋಡಿ ಡಬ್ಬಿಗೆ ಹಾಕಿದ, ಇನ್ನೊಂದನ್ನು ಎತ್ತಿಕೊಂಡ. ನಾವು ಮೂರು ಮಾರು ದೂರದಲ್ಲಿದ್ದೆವು.

"ಮಾವ" ಅಂತ ಅವನು ಕರೆದ. ನಾನು "ಅಪ್ಪಾ!" ಅಂತ ಕೂಗಿದೆ, ಟೈಲರು ಬೆಚ್ಚಿಬೀಳುವಷ್ಟು ಜೋರಾಗಿ. ಅಪ್ಪ ಮೂರನೆಯ ವಾಷರನ್ನು ಎತ್ತಿಕೊಂಡ.

ನಾನು ಮನೆಗೆ ಹೋಗಿ ಗಂಟು ತಂದೆ. ಇಬ್ಬರೂ ಹೋಗಿ ಅಪ್ಪನ ಮುಂದೆ ಎರಡನ್ನೂ ಇಟ್ಟೆವು. ಅವನ ಕಣ್ಣು ಅಗಲವಾಯಿತು. ಕಾರ್ಬೊರೇಟರನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ತಿರುಗಿಸಿದ, ಮೂಸಿದ, ಒಳಗಿನ ಸ್ಲೈಡನ್ನು ಮೇಲೆ ಕೆಳಗೆ ಆಡಿಸಿದ. ನಗು ಮುಖದ ತುಂಬ ಬಂತು. ಹೆಬ್ಬೆರಳಿನಿಂದ ಹಿತ್ತಾಳೆಯನ್ನು ಸವರುತ್ತಿದ್ದವನು ಒಂದು ಕಡೆ ನಿಲ್ಲಿಸಿ, ಉಗುರಿನಿಂದ ಕೆರೆದು ನೋಡಿದ.

"ಇದನ್ನ ಉಜ್ಜಿ ನಾಲ್ಕೈದು ತಿಂಗಳಾಗಿದೆ" ಅಂದ. ತನ್ನ ದನಿ ತನಗೇ ಕೇಳದವರು ಮಾತಾಡುವ ಹಾಗೆ ಗಟ್ಟಿಯಾಗಿ. "ಹಿತ್ತಾಳೆ ಮತ್ತೆ ಮಾಸೋಕೆ ಅಷ್ಟು ಹಿಡಿಯತ್ತೆ."

ಗೇರನ್ನು ಎತ್ತಿಕೊಂಡು ಹಲ್ಲಿನ ಸಂದಿನಿಂದ ಗ್ರೀಸು ತೆಗೆದು ಬೆರಳಲ್ಲಿ ತಿಕ್ಕಿದ. ಅದು ಒಣಗಿ ಉಂಡೆಯಾಯಿತು. "ಇದಕ್ಕೂ ಅಷ್ಟೇ."

ನನ್ನನ್ನು ನೋಡಿದ, ಅಳಿಯನನ್ನು ನೋಡಿದ. ನಾವಿಬ್ಬರೂ ನೆಲ ನೋಡಿದೆವು. ಬೈಯಲಿ ಅಂತ ಕಾದೆ. ಕೆನ್ನೆಗೊಂದು ಬಿಟ್ಟಿದ್ದರೆ ಹಾಯಾಗುತ್ತಿತ್ತು.

"ಆಗ ಎಡಗಿವಿ ಇತ್ತು ನನಗೆ" ಅಂದ ಅಪ್ಪ. ಲೆಕ್ಕ ಸರಿಹೊಂದಿಸಿದವನ ಹಾಗೆ, ಅಷ್ಟೆ. ಆಮೇಲೆ ಎರಡನ್ನೂ ನಮ್ಮ ಕಡೆ ತಳ್ಳಿ, "ಕೂರಿಸಿ" ಅಂದ.

ಕೂರಿಸಲು ಸಂಜೆಯವರೆಗೆ ಹಿಡಿಯಿತು. ಮೊದಲ ಬಾರಿ ಅಳಿಯನಿಗೆ ಸ್ಪ್ಯಾನರು ಕೊಟ್ಟೆ. ಗೇರ್ ಬಾಕ್ಸಿನ ಮುಚ್ಚಳ ಅವನೇ ಬಿಗಿದ, ಒಂದು ಬೋಲ್ಟನ್ನೂ ಓರೆ ಹಾಕಲಿಲ್ಲ. ಅದಕ್ಕೂ ನನ್ನ ಹೊಟ್ಟೆಯಲ್ಲಿ ಚುಳ್ ಅಂತು. ಇಂಥ ಹೊತ್ತಿನಲ್ಲೂ ಇದು ಸುಮ್ಮನಿರುವುದಿಲ್ಲವಲ್ಲ ಅಂತ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಪೆಟ್ರೋಲು ಬಿಟ್ಟ ಮೇಲೆ ಅಪ್ಪ ಹಲಗೆಯ ಹತ್ತಿರ ಹೋದ. ನಾವಿಬ್ಬರೂ ಸೀಮೆಸುಣ್ಣಕ್ಕೆ ಕೈಚಾಚಲಿಲ್ಲ. ಅವನೇ ಎರಡೂ ಸಾಲುಗಳನ್ನು ಒಂದೇ ಗೀಟಿನಲ್ಲಿ ಹೊಡೆದು, ನನ್ನ ಕಡೆ ಕೈ ತೋರಿಸಿದ.

"ಕಿಕ್ ಹೊಡಿ."

"ಅವರೇ ಹೊಡೀಲಿ ಅಪ್ಪ" ಅಂದೆ. ಅಪ್ಪನಿಗೆ ಕೇಳಿಸಲಿಲ್ಲ. ಮತ್ತೆ ಕೈ ತೋರಿಸಿದ.

ನಾನೇ ಕಾಲು ಹಾಕಿದೆ. ಎರಡು ಕಿಕ್ಕಿಗೆ ಎಂಜಿನ್ನು ಕೆಮ್ಮಿತು. ಮೂರನೆಯದಕ್ಕೆ ಎದ್ದಿತು. ಅಪ್ಪ ಹೇಳುತ್ತಿದ್ದದ್ದು ನಿಜ. ಒಂದೊಂದು ಏಟೂ ಬಿಡಿ ಬಿಡಿ. ಧಬ್ ಅಂದು ನಿಲ್ಲುತ್ತಿತ್ತು, ಇನ್ನು ಬರುವುದಿಲ್ಲವೇನೋ ಅನ್ನುವಷ್ಟು ಹೊತ್ತು ನಿಲ್ಲುತ್ತಿತ್ತು, ಆಮೇಲೆ ಮತ್ತೆ ಧಬ್. ತಗಡಿನ ಮಾಡು ಪೂರ್ತಿ ಅದುರುತ್ತಿತ್ತು. ನನ್ನ ಹನ್ನೆರಡು ಬೈಕಿನಲ್ಲಿ ಇಂಥ ಸದ್ದು ನಾನು ಕೇಳಿರಲಿಲ್ಲ. ಟೈಲರು ರಸ್ತೆಯಾಚೆ ಚಪ್ಪಾಳೆ ತಟ್ಟಿದ.

ಅಪ್ಪ ಟ್ಯಾಂಕಿನ ಮೇಲೆ ಬಲಗೈ ಅಂಗೈ ಇಟ್ಟು, ಎಡಗಿವಿಯನ್ನು ಎಂಜಿನ್ನಿನ ಕಡೆ ಬಾಗಿಸಿ ನಿಂತ. ಬಹಳ ಹೊತ್ತು ಹಾಗೇ ನಿಂತ. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದ. ಅಳಿಯನನ್ನಲ್ಲ, ನನ್ನನ್ನೇ.

"ಹೇಗಿದೆ?"

ಎರಡು ವರ್ಷದಿಂದ ನಾನು ಕಾದಿದ್ದದ್ದು ಇದಕ್ಕೇ. ಅವನನ್ನು ಬಿಟ್ಟು ನನ್ನನ್ನು ಕೇಳಲಿ ಅಂತ. ನಾನು ಅಪ್ಪನ ಮುಖಕ್ಕೆ ಮುಖ ಕೊಟ್ಟು ನಿಂತೆ. ತುಟಿ ನನ್ನ ಮಾತು ಕೇಳುತ್ತಿರಲಿಲ್ಲ, ನಡುಗುತ್ತಿತ್ತು.

"ತಪ್ಪಾಯ್ತು ಅಪ್ಪ. ನನ್ನದೇ ತಪ್ಪು" ಅಂದೆ.

ಅಪ್ಪ ಹುಬ್ಬು ಗಂಟಿಕ್ಕಿದ. ಇನ್ನೊಮ್ಮೆ ಹೇಳಿದೆ. ಅವನಿಗೆ ನನ್ನ ತುಟಿ ಹಿಡಿಯಲಾಗಲಿಲ್ಲ. ಅಭ್ಯಾಸದಂತೆ ಅಳಿಯನ ಕಡೆ ತಿರುಗಿದ.

"ಏನಂತೆ?"

ಅವನು ನನ್ನನ್ನು ಒಮ್ಮೆ ನೋಡಿದ. ಅವನಿಗೆ ಪೂರ್ತಿ ಕೇಳಿಸಿತ್ತು. ಆಮೇಲೆ ಅಪ್ಪನ ಮುಖಕ್ಕೆ ನೇರವಾಗಿ ನಿಂತು, ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿದ.

"ಸದ್ದು ತುಂಬಾ ಚೆನ್ನಾಗಿದೆಯಂತೆ, ಮಾವ."

ಅಪ್ಪ ತಲೆಯಾಡಿಸಿ ಇನ್ನೊಂದು ಕೈಯನ್ನೂ ಟ್ಯಾಂಕಿನ ಮೇಲಿಟ್ಟ.